ಎಡಬಿಡಂಗಿ ಕೋಶ

ಒಗೆದು ಸರಿಯಾಗಿ ಒಣಗದ ದಪ್ಪ ಹೊದಿಕೆಯೊಳಗೆ ಎರಡು ಮಕ್ಕಳು ತಲೆತನಕ ಮುಸುಕೆಳೆದು ಮಲಗಿದರೆ ಬೆಳಗಿನ ಹೊತ್ತಿಗೆ ಒಳಗೆ ಒಂದು ವಾಸನೆ ಹುಟ್ಟುತ್ತದೆ. ಒದ್ದೆ ಬಟ್ಟೆಯದು ಸ್ವಲ್ಪ, ಬಾಯಿಯ ಉಸಿರಿನದು ಸ್ವಲ್ಪ, ಜ್ವರಕ್ಕೆ ಕೊಟ್ಟ ಸಿಹಿ ಔಷಧಿಯದು ಸ್ವಲ್ಪ. ಕೋಶಗಳನ್ನು ಬೆಚ್ಚಗಿಟ್ಟು ಬೆಳೆಸುವ ಪೆಟ್ಟಿಗೆಯ ಬಾಗಿಲು ತೆರೆದಾಗಲೆಲ್ಲ ಅವನ ಮೂಗಿಗೆ ಆ ವಾಸನೆಯೇ ಬಡಿಯುತ್ತಿತ್ತು. ಬೇರೆ ಯಾರಿಗೂ ಬರುತ್ತಿರಲಿಲ್ಲ. ಒಮ್ಮೆ ತನ್ನ ವಿದ್ಯಾರ್ಥಿನಿಯನ್ನು ಕರೆದು, "ನೋಡು, ಏನಾದ್ರೂ ವಾಸನೆ ಬರುತ್ತಾ?" ಎಂದು ಕೇಳಿದ್ದ. ಅವಳು ಗಾಬರಿಯಿಂದ ಒಳಗೆ ಇಣುಕಿ, "ಅಯ್ಯೋ, ಫಂಗಸ್ ಬಂತಾ ಸರ್?" ಎಂದಿದ್ದಳು. ಏನಿಲ್ಲ, ಸುಮ್ಮನೆ ಕೇಳಿದೆ ಎಂದು ಬಾಗಿಲು ಮುಚ್ಚಿದ್ದ. ಚಿಕ್ಕಂದಿನಲ್ಲಿ ಅಮ್ಮ ಮುಂಜಾನೆಯ ಕತ್ತಲಲ್ಲಿ ಬಂದು ಹೊದಿಕೆಯ ಮೇಲೆ ಕೈಯಾಡಿಸುತ್ತಿದ್ದಳು. ಒಂದೇ ಗುಡ್ಡೆ ಕೈಗೆ ಸಿಕ್ಕರೆ, "ಇನ್ನೊಬ್ಬ ಎಲ್ಲೋ?" ಎಂದು ಅವಳ ಧ್ವನಿ ಏರುತ್ತಿತ್ತು. ಒಳಗೆ ತಮ್ಮ ಕಿಸಿಕಿಸಿ ನಗುತ್ತಿದ್ದ, ಅವನ ಮೊಣಕಾಲು ಇವನ ಹೊಟ್ಟೆಗೆ ಒತ್ತಿಕೊಂಡಿರುತ್ತಿತ್ತು. ಇಬ್ಬರಲ್ಲಿ ಯಾರಿಗೆ ಜ್ವರ, ಯಾರಿಗೆ ಇಲ್ಲ ಎಂದು ಹೇಳಲಾಗದಷ್ಟು ಒಳಗೆ ಬೆಚ್ಚಗಿರುತ್ತಿತ್ತು.

ಈ ಬೆಳಿಗ್ಗೆ ಅವನು ಪೆಟ್ಟಿಗೆಯ ಬಾಗಿಲು ತೆರೆದು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನಿಂತ. ಮಧ್ಯಾಹ್ನ ವಿದ್ಯಾರ್ಥಿನಿಯ ಸಮಿತಿ ಇತ್ತು. ವರ್ಷಕ್ಕೊಮ್ಮೆ ಹಿರಿಯರ ಮುಂದೆ ನಿಂತು ಮಾಡಿದ ಕೆಲಸ ತೋರಿಸಬೇಕು. ಅವರು ಹೂಂ ಎಂದರೆ ಮುಂದೆ, ಇಲ್ಲವಾದರೆ ಗಂಟುಮೂಟೆ ಕಟ್ಟಿಕೊಂಡು ಮನೆಗೆ. ನಿಲ್ಲುವವಳು ಅವಳಾದರೂ ಪರೀಕ್ಷೆ ತನಗೇ ಎಂದು ಅವನಿಗೆ ಗೊತ್ತಿತ್ತು. ಅದಕ್ಕೇ ಅಂಗಿಗೆ ತಾನೇ ಇಸ್ತ್ರಿ ಹಾಕಿಕೊಂಡು ಬಂದಿದ್ದ, ಒಂದು ತೋಳಿಗೆ ಎರಡು ಗೆರೆ ಬಿದ್ದಿತ್ತು. ಬಸ್ಸಿನಲ್ಲಿ ಬರುವಾಗ ಆ ತೋಳನ್ನು ಕಿಟಕಿಯ ಕಡೆಗೆ ತಿರುಗಿಸಿ ಕೂತಿದ್ದ. ಕಿಟಕಿಯ ಕಡೆ ಯಾರಿದ್ದಾರೆ ನೋಡಲು, ಈ ಕಡೆ ತಾನೇ ಯಾರಿದ್ದಾರೆ. ಒಂದು ಕಾಲದಲ್ಲಿ ಕೂರಲು ಜಾಗ ಸಾಲದಷ್ಟು ಮಕ್ಕಳಿದ್ದ ಪ್ರಯೋಗಶಾಲೆಯಲ್ಲಿ ಈಗ ಉಳಿದವಳು ಇವಳೊಬ್ಬಳೇ. ಖಾಲಿ ಮೇಜುಗಳ ಮೇಲೆ ಬೇರೆ ಪ್ರಯೋಗಶಾಲೆಯವರು ಕೇಳದೆಯೇ ತಮ್ಮ ಡಬ್ಬಗಳನ್ನು ತಂದಿಡತೊಡಗಿದ್ದರು. ಅವನು ಬೇಡ ಎಂದಿರಲಿಲ್ಲ. ಖಾಲಿ ಮೇಜಿಗಿಂತ ಯಾರದ್ದೋ ಡಬ್ಬ ಮೇಲೆನಿಸಿತ್ತು.

ಅವನ ಕೋಶದ ಕಥೆಯನ್ನು ಎದೆಮೂಳೆಯ ಹಿಂದೆ, ಹೃದಯದ ಮೇಲೆ ಮೆತ್ತಗೆ ಕೂತಿರುವ ಥೈಮಸ್ ಎಂಬ ಗ್ರಂಥಿಯಿಂದ ಶುರುಮಾಡಬೇಕು. ಮೂಳೆಯೊಳಗಿನ ಮಜ್ಜೆಯಲ್ಲಿ ಹುಟ್ಟಿದ ಎಳೆಯ ಕೋಶಗಳು ರಕ್ತದಲ್ಲಿ ತೇಲಿಕೊಂಡು ಅಲ್ಲಿಗೆ ಬರುತ್ತವೆ. ಬಂದಾಗ ಅವು ಇನ್ನೂ ಇಂಥದ್ದೆಂದು ಏನೂ ಅಲ್ಲ. ಕಂಡದ್ದನ್ನು ನುಂಗುವ ಕಾವಲುಕೋಶವಾಗಬಹುದು, ನಮ್ಮವರು ಯಾರು ಹೊರಗಿನವರು ಯಾರು ಎಂದು ಗುರುತು ಹಿಡಿಯುವ ಟಿ ಕೋಶವೂ ಆಗಬಹುದು. ಗ್ರಂಥಿಯ ಒಳಗೋಡೆ ಅದನ್ನು ಮುಟ್ಟಿ ಒಂದು ಸಂಕೇತ ಕೊಡುತ್ತದೆ, ಇನ್ನು ನೀನು ಈ ಮನೆಯವನು ಎಂಬಂತೆ. ಆದರೆ ಸಂಕೇತ ಬಂದ ಕೂಡಲೇ ಕೋಶ ಬದಲಾಗುವುದಿಲ್ಲ. ತಿರುವು ಕೊಡಬೇಕಾದ ಜೀನು ಪೆಟ್ಟಿಗೆಯ ತಳದಲ್ಲಿ ಗಟ್ಟಿಯಾಗಿ ಸುತ್ತಿ ತುರುಕಿಟ್ಟ ಬಟ್ಟೆಯಂತೆ ಇರುತ್ತದೆ. ಅದು ಬಿಚ್ಚಿಕೊಳ್ಳಬೇಕು. ದಿನಗಟ್ಟಲೆ ಸಂಕೇತ ಬಂದರೂ ಬಿಚ್ಚಿಕೊಳ್ಳದ ಕೋಶಗಳಿವೆ. ಅದೇ ಸಂಕೇತ ಪಡೆದ ಪಕ್ಕದ ಕೋಶ ಆಗಲೇ ಬಿಚ್ಚಿಕೊಂಡು ಕೂತಿರುತ್ತದೆ. ಯಾಕೆ ಎಂದರೆ, ಹಾಗೇ, ಎನ್ನಬೇಕು. ಒಮ್ಮೆ ಬಿಚ್ಚಿಕೊಂಡಿತೋ, ಉಳಿದ ದಾರಿಗಳ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತವೆ, ಹಿಂದಕ್ಕೆ ಹೋಗುವಂತಿಲ್ಲ. ಇದು ಎಲ್ಲರೂ ಒಪ್ಪಿದ ಮಾತು. ಅವನೊಬ್ಬ ಒಪ್ಪಿರಲಿಲ್ಲ. ಆ ಜೀನು ತೆರೆದಾಗ ಕೋಶ ಹಸಿರಾಗಿ ಹೊಳೆಯುವಂತೆ ಮಾಡಿ, ನುಂಗುವ ಕೋಶದ ಗುರುತಿಗೆ ಕೆಂಪು ಬಣ್ಣ ಹಾಕಿ ನೋಡಿದಾಗ, ಹಸಿರೂ ಕೆಂಪೂ ಎರಡೂ ಇರುವ ಒಂದು ಸಣ್ಣ ಗುಂಪು ಅವನಿಗೆ ಕಂಡಿತ್ತು. ಮನೆ ಸೇರಿದ ಮೇಲೂ ಹಳೆಯ ಗುರುತನ್ನು ಬಿಡದ ಕೋಶ. ನಿರ್ಧಾರ ಆದ ಮೇಲೂ ಮನಸ್ಸು ಮಾಡದ ಕೋಶ. ಅದರ ಮೇಲೆ ಅವನೊಂದು ಪ್ರಬಂಧ ಬರೆದ, ಅಲ್ಲಲ್ಲಿ ಜನ ಅದರ ಬಗ್ಗೆ ಮಾತಾಡಿದರು. ಅವನ ಜೊತೆಯಲ್ಲೇ ಓದಿ ಈಗ ಸಂಸ್ಥೆಯ ನಿರ್ದೇಶಕನಾಗಿದ್ದ ಗೆಳೆಯ ತುಂಬಿದ ಸಭೆಯಲ್ಲಿ, "ಇದೇನಯ್ಯಾ, ಅಲ್ಲೂ ಇಲ್ಲ ಇಲ್ಲೂ ಇಲ್ಲ, ಎಡಬಿಡಂಗಿ ಕೋಶ!" ಎಂದುಬಿಟ್ಟ. ಸಭೆ ಗೊಳ್ಳೆಂದಿತು. ಆಮೇಲೆ ಕೋಶಕ್ಕೆ ಅದೇ ಹೆಸರು ನಿಂತಿತು, ಬೆನ್ನ ಹಿಂದೆ ಅವನಿಗೂ. ಅವನೂ ಎಲ್ಲರ ಜೊತೆ ನಕ್ಕಿದ್ದ. ಮನೆಗೆ ಹೋಗಿ ಕನ್ನಡಿಯ ಮುಂದೆ ಆ ಹೆಸರನ್ನು ಮೆಲ್ಲಗೆ ಹೇಳಿಕೊಂಡಾಗ ಅಷ್ಟೇನೂ ಕೆಟ್ಟದೆನಿಸಲಿಲ್ಲ. ಜಗತ್ತಿನಲ್ಲಿ ತನ್ನಂಥದ್ದು ಇನ್ನೊಂದಿದೆ ಎಂದರೆ ಯಾರಿಗೆ ಸಮಾಧಾನವಾಗುವುದಿಲ್ಲ.

ಸಮಿತಿಗೆ ಇನ್ನೂ ಒಳ್ಳೆಯ ಚಿತ್ರವೊಂದು ಸಿಗಬಹುದೆಂದು ಅವನು ಕೋಶ ವಿಂಗಡಿಸುವ ಯಂತ್ರದ ಕೋಣೆಗೆ ಇಳಿದುಹೋದ. ಆ ಯಂತ್ರ ಕೋಶಗಳನ್ನು ದಾರದಂಥ ತೆಳ್ಳನೆಯ ನೀರಿನ ಎಳೆಯಲ್ಲಿ ಒಂದರ ಹಿಂದೆ ಒಂದು ಸಾಗಿಸುತ್ತದೆ. ಪ್ರತಿಯೊಂದೂ ಬೆಳಕಿನ ಮುಂದೆ ಹಾದಾಗ ಪರದೆಯ ಮೇಲೆ ಒಂದು ಚುಕ್ಕೆ ಬೀಳುತ್ತದೆ. ಬೇಕಾದ ಚುಕ್ಕೆಗಳ ಸುತ್ತ ಗೆರೆ ಎಳೆದುಕೊಳ್ಳಬೇಕು, ಅದಕ್ಕೆ ಇವರೆಲ್ಲ ಬೇಲಿ ಎನ್ನುತ್ತಿದ್ದರು. ಬೇಲಿಯ ಒಳಗಿದ್ದದ್ದು ಲೆಕ್ಕಕ್ಕೆ, ಹೊರಗಿದ್ದದ್ದು ಕಸಕ್ಕೆ. ಯಂತ್ರ ನೋಡಿಕೊಳ್ಳುವ ಹೆಂಗಸನ್ನು ಇಡೀ ಸಂಸ್ಥೆ ಯಂತ್ರದಕ್ಕ ಎಂದೇ ಕರೆಯುತ್ತಿತ್ತು. ಅವಳು ತಲೆ ಎತ್ತದೆ, "ಬನ್ನಿ ಸಾರ್. ನಿಮ್ಮ ಹುಡುಗಿ ನಿನ್ನೆ ಇಡೀ ದಿನ ಇಲ್ಲೇ ಕೂತಿದ್ಲು. ಬೇಲಿ ಹಾಕೋದು, ತೆಗೆಯೋದು, ಹಾಕೋದು, ತೆಗೆಯೋದು. ಹೊಲ ಮಾರ್ತೀಯೇನೇ ತಾಯಿ ಅಂದೆ. ನಗಲೂ ಇಲ್ಲ," ಎಂದಳು.

"ಯಾಕಂತೆ?"

"ನನ್ನ ಕೇಳಿದ್ರೆ? ನೀವು ಮೇಷ್ಟ್ರು, ನೀವು ಕೇಳಬೇಕು."

ಅವನು ಪರದೆಯ ಮುಂದೆ ಕೂತು ಹುಡುಗಿ ಉಳಿಸಿಟ್ಟಿದ್ದ ಕೊನೆಯ ನೋಟವನ್ನು ತೆರೆದ. ಹಸಿರು ಚುಕ್ಕೆಗಳ ದಟ್ಟ ಮೋಡ ಅದರ ಜಾಗದಲ್ಲಿತ್ತು. ಕೆಂಪು ಮೋಡವೂ ಇತ್ತು. ಮೇಲೆ ಬಲಗಡೆಯ ಮೂಲೆಯಲ್ಲಿ, ಇಷ್ಟು ವರ್ಷ ಅವನ ಕಣ್ಣು ಮೊದಲು ಹೋಗುತ್ತಿದ್ದ ಜಾಗದಲ್ಲಿ, ಏನೂ ಇರಲಿಲ್ಲ. ಮೊದಲು ಅವನು ಬೇರೆ ಕಡತ ತೆರೆದೆ ಎಂದುಕೊಂಡ. ಮುಚ್ಚಿ ಮತ್ತೆ ತೆರೆದ. ಆಮೇಲೆ ನೋಡಿದರೆ ದಪ್ಪ ಚುಕ್ಕೆಗಳು ಹೊರಗುಳಿಯುವಂತೆ ಗಾತ್ರದ ಬೇಲಿಯನ್ನು ಹುಡುಗಿ ಬಿಗಿ ಮಾಡಿದ್ದಳು, ಅಷ್ಟೇ. ಪಕ್ಕದಲ್ಲಿ ಸೂಕ್ಷ್ಮದರ್ಶಕದ ಚಿತ್ರಗಳಿದ್ದವು. ಬಲಮೂಲೆಯ ಚುಕ್ಕೆಗಳನ್ನು ಹಿಡಿದು ಗಾಜಿನ ಮೇಲಿಟ್ಟು ತೆಗೆದವು. ಒಂದು ದೊಡ್ಡ ಕೆಂಪು ಕೋಶ, ಅದರ ಮಗ್ಗುಲಿಗೆ ಒತ್ತಿಕೊಂಡ ಒಂದು ಸಣ್ಣ ಹಸಿರು ಕೋಶ. ಮುಂದಿನದು, ಹಾಗೇ. ಅದರ ಮುಂದಿನದೂ ಹಾಗೇ. ನಡುವೆ ಕೂದಲೆಳೆಯಷ್ಟು ಗೆರೆ, ಆದರೆ ಗೆರೆ ಇತ್ತು. ಮನಸ್ಸು ಮಾಡದ ಕೋಶ ಒಂದೂ ಇರಲಿಲ್ಲ. ಮನಸ್ಸು ಮಾಡಿ ಮುಗಿಸಿದ ಎರಡು ಕೋಶಗಳು ಅಂಟಿಕೊಂಡು ಜೊತೆಯಲ್ಲಿ ಬೆಳಕಿನ ಮುಂದೆ ಹಾದಿದ್ದವು, ಯಂತ್ರ ಅವನ್ನು ಒಂದೆಂದು ಎಣಿಸಿತ್ತು.

 ಜೋಡಿಗಳು ನುಸುಳುತ್ತವೆ, ದಪ್ಪ ಚುಕ್ಕೆಗಳನ್ನು ಬೇಲಿಯಿಂದ ಆಚೆ ಹಾಕಿ ಎಂದು ಮೊದಲ ವರ್ಷದ ಮಕ್ಕಳಿಗೆ ಅವನೇ ಪಾಠ ಹೇಳಿದ್ದ. ಆದರೆ ತನ್ನ ಕೆಲಸದಲ್ಲಿ ಬೇಲಿಯನ್ನು ಸಡಿಲ ಬಿಟ್ಟಿದ್ದ. ಒಡೆದು ಎರಡಾಗಲು ಸಿದ್ಧವಾದ ಕೋಶವೂ ದಪ್ಪಗೇ ಇರುತ್ತದೆ, ಬಿಗಿ ಮಾಡಿದರೆ ಜೋಡಿಯ ಜೊತೆ ಅದೂ ಕಸಕ್ಕೆ ಹೋಗುತ್ತದೆ ಎಂಬುದು ಅವನ ವಾದ. ಹುಡುಗಿ ಬಂದ ಹೊಸದರಲ್ಲಿ, "ಇಷ್ಟು ಸಡಿಲ ಇರಬಹುದಾ ಸರ್?" ಎಂದು ಕೇಳಿದ್ದಳು. "ಇರಲಿ ಬಿಡಮ್ಮ. ದಪ್ಪಗಿದೆ ಅಂತ ಆಚೆ ಹಾಕಿದ್ರೆ ಪಾಪ, ಅದೆಲ್ಲಿಗೆ ಹೋಗುತ್ತೆ," ಎಂದು ನಕ್ಕಿದ್ದ. ಅವಳೂ ನಕ್ಕಿದ್ದಳು. ತಾನು ಉದಾರವಾಗಿ ಮಾಡಿದ ಕೆಲಸ ಜೀವನದಲ್ಲಿ ಅದೊಂದೇ ಎಂದು ಅವನಿಗೆ ಈಗ ಹೊಳೆಯಿತು, ಅದೂ ಹೀಗಾಯಿತು. ಬೆನ್ನ ಹಿಂದೆ ಯಂತ್ರದಕ್ಕ ಕುರ್ಚಿ ಸರಿಸಿದಳು. ಅವಳ ಕಣ್ಣೂ ಪರದೆಯ ಮೇಲಿತ್ತೇನೋ, ಅವನು ತಿರುಗಿ ನೋಡಲಿಲ್ಲ. "ನೀರು ಖಾಲಿಯಾಗಿದೆ, ಹಿಡ್ಕೊಂಡು ಬರ್ತೀನಿ," ಎಂದು ತುಂಬಿದ್ದ ಬಾಟಲಿಯನ್ನೇ ಎತ್ತಿಕೊಂಡು ಅವಳು ಹೊರಗೆ ಹೋಗಿ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡಳು. ಬಾಟಲಿಯಲ್ಲಿ ನೀರು ಅಲುಗಾಡಿದ್ದು ಅವನಿಗೆ ಕೇಳಿಸಿತ್ತು.

ಹುಡುಗಿಗೆ ಗೊತ್ತಿದೆ. ಗೊತ್ತಿದ್ದೂ ಹೇಳಿಲ್ಲ. ತಾನು ತಪ್ಪು ಮಾಡಿದ್ದಕ್ಕಿಂತ ಅದು ಹೆಚ್ಚು ಚುಚ್ಚಿತು. ಅಂದರೆ ಅವಳು ಅವನ ಮುಖ ನೆನಪು ಮಾಡಿಕೊಂಡಿದ್ದಾಳೆ, ಪಾಪ ಎಂದುಕೊಂಡಿದ್ದಾಳೆ. ನಿನ್ನೆ ಸಂಜೆ ಅವಳು ಬಾಗಿಲಲ್ಲಿ ನಿಂತು ಏನೋ ಹೇಳಲು ಬಂದವಳು, "ಏನಿಲ್ಲ ಸರ್, ಹೊರಡ್ತೀನಿ," ಎಂದು ಹೋಗಿದ್ದಳು. ಅವನು ಆಗ ಪ್ರಬಂಧದ ಮುಂದಿನ ಭಾಗಕ್ಕೆ ಏನು ಶೀರ್ಷಿಕೆ ಇಡಲಿ ಎಂದು ಯೋಚಿಸುತ್ತಿದ್ದ. ಅಮ್ಮನೂ ಹೀಗೇ, ಕೊನೆಕೊನೆಗೆ ಫೋನಿನಲ್ಲಿ ಏನೋ ಶುರುಮಾಡಿ, ಏನಿಲ್ಲಪ್ಪ, ಚೆನ್ನಾಗಿದೀನಿ, ಎಂದು ಇಟ್ಟುಬಿಡುತ್ತಿದ್ದಳು. ಅವಳು ಜಾರಿ ಬಿದ್ದು ಆರೈಕೆಗೆ ಇವನ ಮನೆಯಲ್ಲಿದ್ದಾಗ ತಮ್ಮ ಫೋನ್ ಮಾಡಿ, "ಅಣ್ಣಾ, ಅಮ್ಮನ್ನ ಯಾರಾದ್ರೂ ಒಬ್ಬರು ಇಟ್ಕೋಬೇಕು. ನಿನ್ನ ಹತ್ರ ಇರ್ತಾಳಾ, ನನ್ನ ಹತ್ರಾನಾ? ನೀನು ದೊಡ್ಡೋನು, ನೀನು ಹೇಳು," ಎಂದಿದ್ದ. ನೋಡೋಣ, ಎಂದಿದ್ದ ಇವನು. ಇಲ್ಲ ಎನ್ನುವ ಮನಸ್ಸಿರಲಿಲ್ಲ, ಹೂಂ ಎನ್ನುವ ಧೈರ್ಯವೂ ಇರಲಿಲ್ಲ. ಮೂರನೆಯ ಸಲ ನೋಡೋಣ ಎಂದಾಗ ತಮ್ಮ, "ಸರಿ, ನೀನು ನೋಡ್ತಾ ಇರು," ಎಂದು ಫೋನ್ ಇಟ್ಟ. ಮರುದಿನವೇ ಬಂದು ಅಮ್ಮನನ್ನು ಕರೆದುಕೊಂಡು ಹೋದ. ಆಮೇಲೆ ಅವರ ನಡುವೆ ಜಗಳವೇನೂ ಆಗಲಿಲ್ಲ. ಜಗಳವಾಗಿದ್ದರೆ ಮುಗಿಯುತ್ತಿತ್ತು.

ಮೆಟ್ಟಿಲ ಹತ್ತಿರ ನಿರ್ದೇಶಕ ಎದುರಾದ. ಹಳೆಯ ಸಲುಗೆಯಲ್ಲಿ ಭುಜಕ್ಕೆ ಕೈಹಾಕಿದ. "ಏನಯ್ಯಾ, ಹೇಗಿದೆ ನಿನ್ನ ಎಡಬಿಡಂಗಿ? ಈ ಸಲ ಗಟ್ಟಿಯಾಗಿ ತೋರಿಸಪ್ಪ. ನಿನ್ನ ಪ್ರಯೋಗಶಾಲೆ ಯಾಕೆ ಮುಚ್ಚಿಲ್ಲ ಅಂತ ಮೇಲಿನವರು ನನ್ನ ಪ್ರಾಣ ತಿಂತಿದಾರೆ. ಅದು ನಿಜವಾಗಿ ಇದೆ ಅಂತ ಆದ್ರೆ ನಾನು ಒಂದಷ್ಟು ವರ್ಷ ಅವರ ಬಾಯಿ ಮುಚ್ಚಿಸ್ತೀನಿ."

"ಹೂಂ," ಎಂದ ಅವನು.

"ಇದೇನು ತೋಳಿಗೆ ಎರಡು ಗೆರೆ? ರೈಲು ಹಳಿ ಹಾಕಿಸಿದಂಗೆ." ನಿರ್ದೇಶಕ ತನ್ನ ಮಾತಿಗೆ ತಾನೇ ನಗುತ್ತ ಹೊರಟುಹೋದ. ಅವನ ನಗು ಮೇಲಿನ ಮಹಡಿಯವರೆಗೂ ಹತ್ತಿಹೋಯಿತು.

ಪ್ರಯೋಗಶಾಲೆಯಲ್ಲಿ ಹುಡುಗಿ ಕಂಪ್ಯೂಟರಿನ ಮುಂದೆ ತುಟಿ ಅಲ್ಲಾಡಿಸುತ್ತ ಮಾತು ಅಭ್ಯಾಸ ಮಾಡುತ್ತಿದ್ದಳು. ಅವನನ್ನು ನೋಡಿ ಎದ್ದು ನಿಂತಳು. ಅವನ ಮುಖದಲ್ಲಿ ಏನು ಕಂಡಿತೋ, ಅವಳ ಕೈ ತಾನಾಗಿ ಪರದೆಯನ್ನು ಮರೆಮಾಡಲು ಹೋಯಿತು.

"ಕೆಳಗೆ ಹೋಗಿದ್ದೆ," ಎಂದ ಅವನು. "ನೋಡಿದೆ."

"ಸರ್, ಹೇಳಬೇಕಂತ ಬಂದಿದ್ದೆ ನಿನ್ನೆ. ನೀವು ಬರೀತಾ ಇದ್ರಿ. ಖುಷಿಯಾಗಿ ಇದ್ರಿ..." ಅವಳು ನಿಲ್ಲಿಸಿದಳು. "ನಾನು ಮೂರು ಸಲ ಮಾಡಿ ನೋಡಿದೆ ಸರ್. ಎಲ್ಲೋ ನಾನೇ ತಪ್ಪು ಮಾಡ್ತಿದೀನಿ ಅಂದ್ಕೊಂಡೆ."

"ಇಲ್ಲ. ನೀನು ಸರಿಯಾಗೇ ಮಾಡಿದೀಯ."

ಹೊರಗೆ ಯಾರೋ ತಳ್ಳುಗಾಡಿ ತಳ್ಳಿಕೊಂಡು ಹೋದರು. ಅದರ ಒಂದು ಚಕ್ರ ಕಿರುಗುಟ್ಟುತ್ತಿತ್ತು.

"ಮಧ್ಯಾಹ್ನ ಯಾವ ಚಿತ್ರ ಹಾಕಲಿ ಸರ್? ಹಳೇದಾ, ಹೊಸದಾ?"

"ನೋಡೋಣ," ಎಂದ. ಅಷ್ಟು ಸಲೀಸಾಗಿ ಬಂದುಬಿಟ್ಟಿತು ಆ ಮಾತು, ಬಾಯಲ್ಲೇ ಕಾದು ಕೂತಿದ್ದಂತೆ.

"ಏನು ನೋಡೋದು ಸರ್?" ಹುಡುಗಿ ಇಷ್ಟು ದಿನದಲ್ಲಿ ಮೊದಲ ಬಾರಿಗೆ ಧ್ವನಿ ಎತ್ತಿದಳು. "ನಾನು ಅಲ್ಲಿ ನಿಲ್ಲಬೇಕು. ಹಳೇದು ಹಾಕಿದ್ರೆ ಸುಳ್ಳು ಹೇಳ್ದಂಗೆ. ಹೊಸದು ಹಾಕಿದ್ರೆ ಎಲ್ಲರ ಮುಂದೆ ನಿಮ್ಮನ್ನ... ನನ್ನ ಕೈಯಿಂದ ಅದನ್ನ ಮಾಡಿಸ್ಬೇಡಿ ಸರ್. ನೀವು ಹೇಳಿ, ಏನಾದ್ರೂ ಒಂದು ಹೇಳಿ." ಕಣ್ಣು ತುಂಬಿದ್ದಕ್ಕೆ ಸಿಟ್ಟು ಮಾಡಿಕೊಂಡವಳಂತೆ ಅವಳು ಮೊಣಕೈಯಿಂದ ಒರೆಸಿಕೊಂಡಳು, ಕೈಗೆ ಗವಸು ಹಾಕಿದ್ದಳು.  ಅವನು ಒಂದು ಹೇಳಬೇಕಿತ್ತು. ಹೇಳುವ ಮಾತೂ ಗೊತ್ತಿತ್ತು. ಹೇಳಿದ ಮರುಕ್ಷಣ ಈ ಮೇಜುಗಳು, ಈ ಪೆಟ್ಟಿಗೆ, ಬಾಗಿಲ ಮೇಲಿನ ಹೆಸರು, ಬೆಳಿಗ್ಗೆ ಏಳಲು ಇದ್ದ ಕಾರಣ, ಒಂದೂ ಉಳಿಯುವುದಿಲ್ಲ ಎಂಬುದೂ ಗೊತ್ತಿತ್ತು. "ಒಂದು ಸ್ವಲ್ಪ ಹೊತ್ತು ಕೊಡು," ಎಂದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಗಾಜಿನಾಚೆ ಅವಳು ಸ್ವಲ್ಪ ಹೊತ್ತು ಹಾಗೇ ನಿಂತಿದ್ದಳು. ಆಮೇಲೆ ಕೂತಳು.

ಅವನು ಕೋಣೆಯಲ್ಲಿ ಏನೂ ಮಾಡಲಿಲ್ಲ. ಮೀನಮೇಷ ಎಣಿಸುವುದಕ್ಕೂ ಒಂದು ಶ್ರದ್ಧೆ ಬೇಕು, ಇವತ್ತು ಅದೂ ಇರಲಿಲ್ಲ. ಎದುರಿನ ಕಟ್ಟಡದಲ್ಲಿ ಒಬ್ಬಳು ಹೆಂಗಸು ಕಿಟಕಿಗಳನ್ನು ಒರೆಸುತ್ತಿದ್ದಳು. ಒಂದು ಗಾಜು ಒರೆಸಿ, ಹಿಂದೆ ಸರಿದು ನೋಡಿ, ಮುಂದಿನದಕ್ಕೆ ಹೋಗುತ್ತಿದ್ದಳು. ಹಳೆಯ ಚಿತ್ರ ಹಾಕಿಸಿದರೆ ಏನಾಗುತ್ತದೆ ಎಂದು ಅವನು ಬೇರೆ ಯಾರದ್ದೋ ವಿಷಯವೆಂಬಂತೆ ಯೋಚಿಸಿದ. ಬಹುಶಃ ಯಾರೂ ಕೇಳುವುದಿಲ್ಲ. ಕೇಳಿದರೂ ಹುಡುಗಿ ಏನಾದರೂ ಹೇಳುತ್ತಾಳೆ, ಜಾಣೆ. ಇನ್ನೊಂದಷ್ಟು ವರ್ಷ ಸಿಗುತ್ತದೆ. ಅಷ್ಟರಲ್ಲಿ ತಾನು ನಿವೃತ್ತನಾಗುತ್ತೇನೆ, ಆಮೇಲೆ ಯಾರೋ ದೂರದ ಊರಿನವರು ಬೇಲಿ ಬಿಗಿ ಮಾಡಿ ನೋಡಿ, ಇಂಥವರು ಹೀಗೆ ಬರೆದಿದ್ದರು, ನಮಗೆ ಕಾಣಲಿಲ್ಲ, ಎಂದು ಒಂದು ಸಾಲು ಬರೆಯುತ್ತಾರೆ. ಆ ಸಾಲು ಬರುವ ಹೊತ್ತಿಗೆ ಈ ಹುಡುಗಿಯ ಹೆಸರು ತನ್ನ ಹೆಸರಿನ ಮಗ್ಗುಲಿಗೆ ಅಂಟಿಕೊಂಡಿರುತ್ತದೆ. ಕಿಟಕಿ ಒರೆಸುವವಳು ಬಕೆಟ್ ಎತ್ತಿಕೊಂಡು ಒಳಗೆ ಹೋದಳು. ಬಾಗಿಲು ತಟ್ಟಿದ ಸದ್ದಾಯಿತು. "ಸರ್, ಹೊತ್ತಾಯ್ತು." ಅವಳು ಚಿತ್ರದ ವಿಷಯ ಮತ್ತೆ ಕೇಳಲಿಲ್ಲ. ಅವನೂ ಹೇಳಲಿಲ್ಲ.

ಸಭಾಕೋಣೆಯಲ್ಲಿ ಉದ್ದನೆಯ ಮೇಜಿನ ತುದಿಯಲ್ಲಿ ನಿರ್ದೇಶಕ, ಪಕ್ಕದಲ್ಲಿ ಹೊರಗಿನ ಸಂಸ್ಥೆಯಿಂದ ಬಂದ ಪರೀಕ್ಷಕಿ. ಅವರ ಕನ್ನಡಕಕ್ಕೆ ದಾರ ಕಟ್ಟಿತ್ತು. ಕಿಟಕಿಯ ಪರದೆಗಳನ್ನು ಎಳೆದಿದ್ದರಿಂದ ಮಧ್ಯಾಹ್ನವೇ ಅಲ್ಲಿ ಮಬ್ಬಾಗಿತ್ತು. ಹುಡುಗಿ ಚೆನ್ನಾಗಿ ಮಾತಾಡಿದಳು. ಜೀನು ಸುತ್ತಿಕೊಂಡಿರುವುದು, ಸಂಕೇತ ಬಂದರೂ ತಡವಾಗಿ ಬಿಚ್ಚಿಕೊಳ್ಳುವುದು, ಪ್ರತಿ ಕೋಶದಲ್ಲೂ ಆ ಜೀನಿನ ಎರಡು ಪ್ರತಿಗಳಿರುವುದು, ತಾಯಿಯಿಂದ ಬಂದದ್ದೊಂದು ತಂದೆಯಿಂದ ಬಂದದ್ದೊಂದು. ಆಮೇಲೆ ಹಸಿರೂ ಕೆಂಪೂ ಬಂತು. ಹಳೆಯ ಚಿತ್ರ. ಬಲಮೂಲೆಯಲ್ಲಿ ಅವನ ಗುಂಪು ಹಾಗೇ ಇತ್ತು, ಗೋಡೆಯಷ್ಟು ದೊಡ್ಡದಾಗಿ. ಗುರುವಿನ ಮುಖ ಉಳಿಸಲು ಅವಳು ಅದನ್ನೇ ಇಟ್ಟಿದ್ದಾಳೆ ಎಂದು ತಿಳಿದು ಅವನು ಮೇಜಿನ ಅಂಚನ್ನು ಹಿಡಿದುಕೊಂಡ.

"ಮಗು, ಒಂದು ನಿಮಿಷ," ಎಂದರು ಪರೀಕ್ಷಕಿ. "ಇದು ಒಂದೇ ಕೋಶ ಅಂತ ಹೇಗೆ ಹೇಳ್ತೀಯ? ಜೋಡಿ ಅಲ್ಲ ಅಂತ?"

ಹುಡುಗಿ ಅವನ ಕಡೆ ನೋಡಲಿಲ್ಲ. ನೋಡಬಾರದೆಂದು ಮೊದಲೇ ತೀರ್ಮಾನಿಸಿಕೊಂಡು ಬಂದಿದ್ದಳೇನೋ, ಕತ್ತು ಒಂದೇ ಕಡೆ ಬಿಗಿದಿತ್ತು. "ಹೇಳಕ್ಕಾಗಲ್ಲ ಮೇಡಂ," ಎಂದಳು. "ಬೇಲಿ ಸಡಿಲ ಇತ್ತು. ನಾನೇ ಹಾಕಿದ್ದು. ನಿನ್ನೆ ಗೊತ್ತಾಯ್ತು. ನನ್ನ ತಪ್ಪು."

"ಇಷ್ಟು ವರ್ಷ ಗೊತ್ತಾಗಲಿಲ್ವಾ? ಇದು ಮೊದಲ ಪಾಠ ಅಲ್ವೇನಮ್ಮಾ? ಇಷ್ಟೂ ಗೊತ್ತಿಲ್ಲದವರನ್ನ ಮುಂದಕ್ಕೆ ಹೇಗೆ ಕಳಿಸೋದು ಹೇಳು?"

ಮಬ್ಬಿನಲ್ಲೂ ಅವಳ ಕಿವಿ ಕೆಂಪಾದದ್ದು ಕಂಡಿತು. ಅವನು ಸುಮ್ಮನೆ ಕೂತಿದ್ದರೆ ಸಾಕಿತ್ತು. ಬಾಗಿಲು ತಾನಾಗಿ ತೆರೆದಿತ್ತು. ವಿದ್ಯಾರ್ಥಿನಿಯ ಕೈತಪ್ಪು, ಗುರು ನಂಬಿ ಮೋಸ ಹೋದ, ಪಾಪ. ಅವಳನ್ನು ಮನೆಗೆ ಕಳಿಸುತ್ತಾರೆ, ಅವನಿಗೆ ಸಮಾಧಾನ ಹೇಳುತ್ತಾರೆ. ಅವಳು ಅವನಿಗಾಗಿ ನೀರಿಗೆ ಇಳಿದಿದ್ದಳು, ಅವನು ದಡದಲ್ಲಿ ಒಣ ಬಟ್ಟೆಯಲ್ಲಿ ನಿಂತು ನೋಡಬಹುದಿತ್ತು. ತಮ್ಮ ಅಮ್ಮನ ಗಂಟನ್ನು ಹೆಗಲಿಗೆ ಹಾಕಿಕೊಂಡು, ಅವಳ ತೋಳು ಹಿಡಿದು ಮೆಟ್ಟಿಲು ಇಳಿಸಿದ ದಿನವೂ ಹೀಗೇ ಮೇಲೆ ನಿಂತಿದ್ದ. ಒಂದು ಚೀಲ ಕೂಡ ಕೈಗೆ ಕೊಡಿ ಎಂದು ಕೇಳಿರಲಿಲ್ಲ. ಕೇಳಬೇಕೆಂದು ತೋರಲೇ ಇಲ್ಲವೆಂದಲ್ಲ, ತೋರಿದ ಹೊತ್ತಿಗೆ ಅವರು ಬೀದಿ ತಿರುಗಿದ್ದರು. ಕುರ್ಚಿ ಹಿಂದಕ್ಕೆ ಸರಿದ ಸದ್ದು ಕೇಳಿತು. ಎದ್ದವನು ತಾನೇ ಎಂದು ಅವನಿಗೆ ಆಮೇಲೆ ಗೊತ್ತಾಯಿತು.

"ಅವಳು ಹಾಕಿದ್ದಲ್ಲ," ಎಂದ. ಧ್ವನಿ ತನ್ನದಲ್ಲವೆಂಬಷ್ಟು ಸಣ್ಣಗಿತ್ತು, ಮತ್ತೆ ಹೇಳಿದ. "ಬೇಲಿ ನಾನು ಹಾಕಿದ್ದು. ಅವಳು ಬರೋಕೂ ಮುಂಚೆ. ಸಡಿಲ ಇದೆ ಅಂತ ಅವಳು ಬಂದ ಹೊಸದರಲ್ಲೇ ಕೇಳಿದ್ದಳು. ನಾನು ನಗಾಡಿದೆ."

"ಕೂತ್ಕೊಳಯ್ಯಾ," ಎಂದ ನಿರ್ದೇಶಕ ಮೆಲ್ಲಗೆ. "ಆಮೇಲೆ ಮಾತಾಡೋಣ, ನಾವಿಬ್ಬರೇ."

"ಇಲ್ಲ, ಈಗ ಹೇಳಿಬಿಡ್ತೀನಿ. ಎಡಬಿಡಂಗಿ ಅಂತ ಯಾವ ಕೋಶಾನೂ ಇಲ್ಲ. ಎರಡು ಕೋಶ ಅಂಟಿಕೊಂಡಿದ್ವು. ಹಿಂದೆ ಬರೆದ ಪ್ರಬಂಧವೂ ತಪ್ಪು, ಅದನ್ನ ನಾನು ವಾಪಸ್ ತಗೋತೀನಿ. ಇದನ್ನ ಕಂಡುಹಿಡಿದವಳು ಅವಳು. ಚಿತ್ರ ಅವಳ ಹತ್ರ ಇದೆ." ಅವನು ಹುಡುಗಿಯ ಕಡೆ ತಿರುಗಿದ. "ಹೊಸದು ಹಾಕಮ್ಮ. ಬೇಲಿ ಬಿಗಿ ಮಾಡಿದ್ದು. ಒಂಟಿ ಕೋಶಗಳಲ್ಲಿ ನೀನು ಮಾಡಿದ ಕೆಲಸ, ಅದನ್ನೂ ತೋರಿಸು."

ಯಾರೂ ನಗಲಿಲ್ಲ. ಯಾರಾದರೂ ನಕ್ಕಿದ್ದರೆ ಕೂರಲು ಸುಲಭವಾಗುತ್ತಿತ್ತು. ಹುಡುಗಿಯ ಕೈ ಒಂದೆರಡು ಸಲ ತಪ್ಪು ಕಡತಕ್ಕೆ ಹೋಗಿ, ಕೊನೆಗೆ ಸರಿಯಾದದ್ದನ್ನು ತೆರೆಯಿತು. ಬಲಮೂಲೆ ಖಾಲಿಯಾಯಿತು. ನಂತರ ಅವಳದೇ ಕೆಲಸ ಬಂತು. ಜೀನಿನ ಎರಡು ಪ್ರತಿಗಳಿಗೆ ಎರಡು ಬಣ್ಣ, ಒಂದಕ್ಕೆ ಹಸಿರು, ಇನ್ನೊಂದಕ್ಕೆ ನೀಲಿ. ಒಂದೇ ಕೋಶದೊಳಗೆ, ಒಂದೇ ಸಂಕೇತ ಬಂದಿದ್ದರೂ, ಒಂದು ಪ್ರತಿ ಎಚ್ಚೆತ್ತು ಇನ್ನೊಂದು ಇನ್ನೂ ಮಲಗಿರುತ್ತದೆ. ಒಂದು ಇನ್ನೊಂದನ್ನು ಎಬ್ಬಿಸುವುದಿಲ್ಲ. ಪ್ರತಿಯೊಂದೂ ತನ್ನ ಹೊತ್ತಿಗೆ ತಾನೇ ಏಳಬೇಕು. ಪರೀಕ್ಷಕಿ ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿದರು. "ಇದು ಬೇಲಿ ಬಿಗಿ ಮಾಡಿದ ಮೇಲೂ ನಿಲ್ಲುತ್ತಾ?" "ನಿಲ್ಲುತ್ತೆ ಮೇಡಂ. ಇನ್ನೂ ಸ್ಪಷ್ಟವಾಗಿ ಕಾಣುತ್ತೆ." "ಹಾಗಾದ್ರೆ ಇದನ್ನ ಬಿಟ್ಟು ಅದನ್ನ ಯಾಕಮ್ಮಾ ಇಷ್ಟು ಹೊತ್ತು ತೋರಿಸಿದೆ?" ಅವರ ಧ್ವನಿಯಲ್ಲಿ ಈಗ ಗದರಿಕೆ ಇರಲಿಲ್ಲ. ಪ್ರಶ್ನೆಗಳು ಒಂದರ ಮೇಲೊಂದು ಬಂದವು, ಅವಳು ಉತ್ತರ ಕೊಟ್ಟಳು. ಸ್ವಲ್ಪ ಹೊತ್ತಿನಲ್ಲಿ ಅವಳ ಕತ್ತಿನ ಬಿಗಿ ಸಡಿಲವಾಗಿ, ಕೈಯಾಡಿಸಿ ಮಾತಾಡತೊಡಗಿದಳು. ಅವನ ಕಡೆ ಯಾರೂ ನೋಡುತ್ತಿರಲಿಲ್ಲ. ಕೋಣೆಯಲ್ಲಿ ತಾನಿಲ್ಲದಿದ್ದರೂ ನಡೆಯುವ ಮಾತು ಅದು ಎಂದು ಅವನಿಗನಿಸಿತು, ಅದು ಅವಮಾನವೋ ನೆಮ್ಮದಿಯೋ ಬೇರ್ಪಡಿಸಿ ನೋಡಲಾಗಲಿಲ್ಲ.

ಹೊರಗೆ ಬಂದಾಗ ನಿರ್ದೇಶಕ ಅವನನ್ನು ಗೋಡೆಯ ಕಡೆಗೆ ಕರೆದುಕೊಂಡು ಹೋದ. ಅಷ್ಟು ಹತ್ತಿರದಿಂದ ನೋಡಿದರೆ ಗೆಳೆಯನಿಗೂ ವಯಸ್ಸಾಗಿತ್ತು. "ಅವಳು ಮುಂದೆ ಹೋಗ್ತಾಳೆ. ಆದರೆ ನನ್ನ ಕಡೆ ಹಾಕ್ಕೋತೀನಿ. ಪ್ರಬಂಧ ವಾಪಸ್ ಆದಾಗ ನಿನ್ನ ಹೆಸ್ರಿನ ಜೊತೆ ಅವಳು ಇರಬಾರದು. ಗೊತ್ತಲ್ಲ?"

"ಗೊತ್ತು."

"ಪ್ರಯೋಗಶಾಲೆ ಉಳಿಸಕ್ಕಾಗಲ್ಲ ಕಣಯ್ಯಾ."

"ಅದೂ ಗೊತ್ತು."

"ಬೇಜಾರು ಮಾಡ್ಕೋಬೇಡ ಅನ್ನಲ್ಲ. ಮಾಡ್ಕೋ. ಬೇಗ ಮುಗಿಸು." ನಿರ್ದೇಶಕ ಹೊರಡಲು ತಿರುಗಿ, ಮತ್ತೆ ನಿಂತು, ಏನೋ ತಮಾಷೆ ಹುಡುಕುವವನಂತೆ ಬಾಯಿ ತೆರೆದ. ಸಿಗಲಿಲ್ಲ. ಅವನ ತೋಳನ್ನು ಒಮ್ಮೆ ಒತ್ತಿ ಹೋದ.

ಸಂಜೆಯ ಬಿಸಿಲು ಮೇಜುಗಳ ಮೇಲೆ ಬಿದ್ದಿದ್ದಾಗ ಹುಡುಗಿ ತನ್ನ ಸಾಮಾನುಗಳನ್ನು ಮೇಲಿನ ಮಹಡಿಯ ನಿರ್ದೇಶಕನ ಪ್ರಯೋಗಶಾಲೆಗೆ ಸಾಗಿಸತೊಡಗಿದಳು. ಇವತ್ತೇ ಬಾ ಎಂದು ಅಲ್ಲಿನವರು ಹೇಳಿದ್ದರಂತೆ, ನಾಳೆ ಹೇಗಿರುತ್ತೋ ಎಂದು ಅವಳೂ ಹೂಂ ಎಂದಿದ್ದಳು. ಲಿಫ್ಟು ಕೆಟ್ಟಿತ್ತು.  ತನ್ನ ಕೊಳವೆಗಳ ಡಬ್ಬಗಳನ್ನು ಒಂದೊಂದಾಗಿ ಒರೆಸಿ, ಮುಚ್ಚಳ ಒತ್ತಿ ನೋಡಿ ಜೋಡಿಸುತ್ತಿದ್ದಳು. ಅವನು ತನ್ನ ಕೋಣೆಯ ಬಾಗಿಲಲ್ಲಿ ನಿಂತು ನೋಡಿದ. ಆಮೇಲೆ ಹೋಗಿ, ಇದ್ದದ್ದರಲ್ಲಿ ಭಾರದ ಪೆಟ್ಟಿಗೆಯನ್ನು ಎತ್ತಿಕೊಂಡ. "ಬೇಡ ಸರ್, ನಾನು ತಗೊಂಡು ಹೋಗ್ತೀನಿ," ಎಂದಳು. "ಬಾಗಿಲು ಹಿಡ್ಕೋ," ಎಂದ. ಇಬ್ಬರೂ ಮೆಟ್ಟಿಲು ಹತ್ತಿದರು. ಮೇಲಿನ ಪ್ರಯೋಗಶಾಲೆಯ ಎಳೆಯರು ಅವನು ಬಂದದ್ದು ನೋಡಿ ಮಾತು ನಿಲ್ಲಿಸಿದರು. ಒಬ್ಬ ಓಡಿಬಂದು ಪೆಟ್ಟಿಗೆಗೆ ಕೈ ಚಾಚಿದ. ಅವನು ಕೊಡದೆ, ಅವಳಿಗೆ ತೋರಿಸಿದ ಮೇಜಿನವರೆಗೂ ಹೋಗಿ ತಾನೇ ಇಳಿಸಿ, ಕಿಟಕಿ ಹತ್ತಿರವಿದೆ, ಒಳ್ಳೆಯ ಜಾಗ, ಎಂದ. ಮತ್ತೆ ಇಳಿದು ಬಂದು ಇನ್ನೊಂದು ತೆಗೆದುಕೊಂಡು ಹೋದ. ಕೊನೆಯದನ್ನು ಇಟ್ಟು ಇಳಿಯುವಾಗ ಎರಡು ಮಹಡಿಗಳ ನಡುವಿನ ತಿರುವಿನಲ್ಲಿ ಮೆಟ್ಟಿಲ ಮೇಲೇ ಕೂತುಬಿಟ್ಟ. ಕೆಳಗೆ ಹೋಗಲು ಆತುರವೇನೂ ಇರಲಿಲ್ಲ. ಅಲ್ಲಿ ಈಗ ಯಾರೂ ಇಲ್ಲ. ಜನ ಮನೆಗೆ ಹೊರಡುತ್ತಿದ್ದರು. ಹಾದುಹೋಗುವವರು ಅವನು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದಾನೆ ಎಂಬಂತೆ ದಾರಿ ಬಿಟ್ಟು ಹೋದರು. ಆಮೇಲೆ ಹಾದುಹೋಗುವವರೂ ಇಲ್ಲವಾದರು.

ಕೆಳಗಿನಿಂದ ಹೆಜ್ಜೆ ಕೇಳಿತು, ನಿಧಾನವಾಗಿ, ಕೈಯಲ್ಲಿ ಏನೋ ತುಳುಕದಂತೆ ಹಿಡಿದು ಹತ್ತುವವರ ಹೆಜ್ಜೆ. ಹುಡುಗಿ ಯಾವಾಗ ಹಿಂದಿನ ಮೆಟ್ಟಿಲಿನಿಂದ ಇಳಿದು ಕ್ಯಾಂಟೀನಿಗೆ ಹೋಗಿದ್ದಳೋ ಅವನಿಗೆ ಗೊತ್ತಾಗಿರಲಿಲ್ಲ. ಅವಳು ಅವನಿಗಿಂತ ಎರಡು ಮೆಟ್ಟಿಲು ಕೆಳಗೆ ನಿಂತಳು. ಕೈಯಲ್ಲಿ ಒಂದು ತಟ್ಟೆ, ಅದರ ಮೇಲೆ ಬೋರಲು ಮುಚ್ಚಿದ ಇನ್ನೊಂದು ತಟ್ಟೆ, ಸಂದಿಯಿಂದ ಸಣ್ಣಗೆ ಹಬೆ. ಬಿಸಿ ತಾಗದಿರಲೆಂದು ತನ್ನ ಕರವಸ್ತ್ರವನ್ನು ಅಡಿಗೆ ಮಡಿಸಿ ಹಿಡಿದಿದ್ದಳು.  ಕರವಸ್ತ್ರದ ಸಮೇತ ತಟ್ಟೆಯನ್ನು ಅವನ ಕಡೆ ಚಾಚಿದಳು. ಅವನು ಎರಡೂ ಕೈಯಿಂದ ತೆಗೆದುಕೊಂಡ.